ಮರುಭೂಮಿಯಲ್ಲಿ ದೂರವಾಣಿ ಎತ್ತಿಕೊಳ್ಳುವವರು

ಮರುಭೂಮಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮರಳಿನ ದಿಬ್ಬ, ಒಂಟೆಗಳ ಸಾಲು, ದೂರದಲ್ಲೊಂದು ಖರ್ಜೂರದ ತೋಪು. ಅಲ್ಲಿ ಮನುಷ್ಯನಿದ್ದರೆ ಅವನು ಗುಡಾರವಾಸಿ. ಇಂದು ಇಲ್ಲಿ, ನಾಳೆ ಇನ್ನೆಲ್ಲಿಯೋ. ಆದರೆ ಹದಿನಾರು ಲಕ್ಷ ಜನ ಮನೆಮಠ ಕಟ್ಟಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸುತ್ತ, ಸಾಲ ತೀರಿಸುತ್ತ ನೆಲೆನಿಂತಿರುವ ಮರುಭೂಮಿಯೂ ಒಂದುಂಟು. ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್ ಸೊನೋರನ್ ಮರುಭೂಮಿಯ ನಡುವೆ ಕುಳಿತಿದೆ. ಹೊಹೊಕಮ್ ಎಂಬ ಪ್ರಾಚೀನ ಜನ ತೋಡಿ ಬಿಟ್ಟುಹೋಗಿದ್ದ ಕಾಲುವೆಗಳ ಅವಶೇಷದ ಮೇಲೆ ಎದ್ದ ಊರಾದ್ದರಿಂದ, ಬೂದಿಯಿಂದ ಮರಳಿ ಹುಟ್ಟುವ ಆ ಪುರಾಣದ ಹಕ್ಕಿಯ ಹೆಸರನ್ನೇ ಅದಕ್ಕಿಟ್ಟರು. ವರ್ಷಕ್ಕೆ ಬೀಳುವ ಮಳೆ ಸುಮಾರು ೧೮ ಸೆಂಟಿಮೀಟರ್. ೧೯೫೦ರಲ್ಲಿ ಒಂದು ಲಕ್ಷವನ್ನು ತುಸು ಮೀರಿದ್ದ ಜನಸಂಖ್ಯೆ ೨೦೨೦ರ ಗಣತಿಯ ಹೊತ್ತಿಗೆ ಹದಿನಾರು ಲಕ್ಷವನ್ನು ದಾಟಿತು. ಇಷ್ಟು ಜನರನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದರಲ್ಲಿ ಕಾಲುವೆಯ ನೀರಿನ ಪಾತ್ರ ಎಷ್ಟೋ, ಮನೆಯ ಮಾಡಿನ ಮೇಲೆ ಗುಂಯ್‌ಗುಡುವ ತಂಪು ಯಂತ್ರದ ಪಾತ್ರವೂ ಅಷ್ಟೇ.

ಆ ಯಂತ್ರ ಕೆಟ್ಟು ನಿಂತರೆ ಏನಾಗುತ್ತದೆ, ಆಗ ಮನೆಯಾತ ಯಾರನ್ನು ಕೂಗುತ್ತಾನೆ, ಆ ಕೂಗಿಗೆ ಓಗೊಡುವವರು ಯಾರು ಎಂಬುದು ಈ ಭಾಷಣದ ವಿಷಯ.

ಬಿಸಿಲಿನ ಮಾತನ್ನು ಮೊದಲು ಮುಗಿಸಿಬಿಡೋಣ. ೧೯೯೦ರ ಜೂನ್ ೨೬ರಂದು ಫೀನಿಕ್ಸಿನಲ್ಲಿ ೫೦ ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ೨೦೨೩ರಲ್ಲಿ ಜೂನ್ ತಿಂಗಳ ಕೊನೆಯ ದಿನದಿಂದ ಜುಲೈ ೩೦ರವರೆಗೆ, ಒಂದು ದಿನವೂ ಬಿಡುವಿಲ್ಲದೆ ೩೧ ದಿನ ಉಷ್ಣಾಂಶ ೪೩ ಡಿಗ್ರಿಯನ್ನು ಮುಟ್ಟಿತು ಇಲ್ಲವೆ ಮೀರಿತು. ಆದರೆ ಹಗಲಿಗಿಂತ ಅಲ್ಲಿನ ಇರುಳೇ ಕ್ರೂರ. ಅದೇ ಜುಲೈ ೧೯ರಂದು ಇಡೀ ದಿನದಲ್ಲಿ ಪಾದರಸ ೩೬ ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ನಮ್ಮ ರಾಯಚೂರು, ಕಲಬುರಗಿಯ ಕಡೆಯವರಿಗೆ ಬಿಸಿಲು ಹೊಸತಲ್ಲ. ಆದರೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿದರೆ ಬೆಳಗಿನ ಜಾವಕ್ಕಾದರೂ ಅವರು ತುಸು ತಂಪು ಕಂಡಾರು. ಫೀನಿಕ್ಸಿನ ಕಡುಬೇಸಿಗೆಯಲ್ಲಿ ಆ ಜಾವದ ತಂಪೂ ಇಲ್ಲ. ಹಗಲೆಲ್ಲ ಕಾದ ಕಾಂಕ್ರೀಟೂ ಡಾಂಬರೂ ರಾತ್ರಿಯಿಡೀ ಆ ಕಾವನ್ನು ಹೊರಗೆ ಉಗುಳುತ್ತಲೇ ಇರುತ್ತವೆ. ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಫ್ಯಾನು ಹಾಕಿಕೊಳ್ಳುವುದೆಂದರೆ ಒಲೆಯ ಮುಂದೆ ಕುಳಿತು ಬೀಸಣಿಗೆಯಿಂದ ಆ ಝಳವನ್ನೇ ಮುಖಕ್ಕೆ ಬೀಸಿಕೊಂಡಂತೆ.

ಫೀನಿಕ್ಸ್ ಸೇರಿರುವ ಮ್ಯಾರಿಕೋಪಾ ಕೌಂಟಿಯ ಆರೋಗ್ಯ ಇಲಾಖೆ ಬಿಸಿಲಿನ ಸಾವುಗಳನ್ನು ಒಂದೊಂದಾಗಿ ವಿಚಾರಿಸಿ ಲೆಕ್ಕವಿಡುತ್ತದೆ. ೨೦೨೩ರಲ್ಲಿ ೬೪೫ ಸಾವುಗಳು, ೨೦೨೪ರಲ್ಲಿ ೬೦೮. ಇವುಗಳಲ್ಲಿ ದೊಡ್ಡ ಪಾಲು ಸೂರಿಲ್ಲದೆ ಬೀದಿಯಲ್ಲಿ ಬದುಕುವವರದು. ಆದರೆ ಮನೆಯೊಳಗೆ, ತಮ್ಮ ಮಂಚದ ಮೇಲೆ, ತಮ್ಮ ಕುರ್ಚಿಯಲ್ಲಿ ಸತ್ತವರೂ ಕಡಮೆಯೇನಲ್ಲ. ಅವರ ವಿಷಯದಲ್ಲಿ ಆ ವರದಿಗಳು ವರ್ಷ ವರ್ಷವೂ ಹೇಳುವ ಒಂದು ಸಂಗತಿ ಓದುಗನನ್ನು ತಡೆದು ನಿಲ್ಲಿಸುತ್ತದೆ. ಆ ಮನೆಗಳಲ್ಲಿ ಬಹುಪಾಲಿನಲ್ಲಿ ತಂಪು ಯಂತ್ರ ಇತ್ತು; ಅದು ನಡೆಯುತ್ತಿರಲಿಲ್ಲ. ಕೆಲವೆಡೆ ಕೆಟ್ಟಿತ್ತು, ಕೆಲವೆಡೆ ಆರಿಸಿಟ್ಟಿತ್ತು, ಕೆಲವೆಡೆ ಮನೆಗೆ ವಿದ್ಯುತ್ತೇ ಇರಲಿಲ್ಲ. ೨೦೧೮ರಲ್ಲಿ ಕೇವಲ ೫೧ ಡಾಲರ್ ಬಾಕಿಗಾಗಿ ವಿದ್ಯುತ್ ಕಡಿಸಿಕೊಂಡ ೭೨ ವರ್ಷದ ವೃದ್ಧೆಯೊಬ್ಬಳು ತನ್ನ ಮನೆಯಲ್ಲೇ ತೀರಿಕೊಂಡಳು. ಆ ಸುದ್ದಿ ಹೊರಬಿದ್ದು ಗದ್ದಲವಾದ ಮೇಲೆ, ೨೦೧೯ರಲ್ಲಿ, ಬೇಸಿಗೆಯ ತಿಂಗಳುಗಳಲ್ಲಿ ಬಾಕಿಗಾಗಿ ಮನೆಗಳ ವಿದ್ಯುತ್ ಕಡಿಯಕೂಡದೆಂದು ರಾಜ್ಯದ ನಿಯಂತ್ರಣ ಮಂಡಲಿ ಕಟ್ಟಳೆ ಮಾಡಿತು. ಬಾಡಿಗೆ ಮನೆಗಳಲ್ಲಿ ಎ.ಸಿ. ಇದ್ದರೆ ಒಳಗಿನ ಉಷ್ಣಾಂಶವನ್ನು ೨೮ ಡಿಗ್ರಿಯ ಆಸುಪಾಸಿಗೆ ಇಳಿಸುವ ಶಕ್ತಿ ಅದಕ್ಕಿರಬೇಕೆಂದು ಫೀನಿಕ್ಸ್ ನಗರದ ಕಾನೂನು ಹೇಳುತ್ತದೆ. ಅಂದರೆ ಅಲ್ಲಿ ತಂಪು ಎಂಬುದು ನಲ್ಲಿಯ ನೀರಿನಂತೆ ಮನೆಗೆ ಬೇಕೇ ಬೇಕಾದ ವಸ್ತು. ನಲ್ಲಿ ನಿಂತರೆ ನಾವು ಪುರಸಭೆಗೆ ದೂರುತ್ತೇವೆ. ತಂಪು ನಿಂತರೆ ಅಲ್ಲಿನವರು ಬಿಸಿ-ತಂಪು ಯಂತ್ರಗಳ ಗುತ್ತಿಗೆದಾರನಿಗೆ ದೂರವಾಣಿ ಮಾಡುತ್ತಾರೆ.

ಈ ಗುತ್ತಿಗೆದಾರ ಎಂದರೆ ದೊಡ್ಡ ಕಚೇರಿ, ಸಾಲು ಮೇಜು, ಸೂಟುಧಾರಿಗಳು ಎಂದು ಭಾವಿಸಬೇಕಾಗಿಲ್ಲ. ದೊಡ್ಡ ಸಂಸ್ಥೆಗಳೂ ಇವೆ. ಆದರೆ ಬಹುಮಟ್ಟಿಗೆ ಇದು ಎರಡು ಮೂರು ವ್ಯಾನುಗಳ, ನಾಲ್ಕಾರು ಕೈಗಳ ಕಸುಬು. ಒಡೆಯನೇ ಮೆಕ್ಯಾನಿಕ್, ಅವನ ಹೆಂಡತಿಯೋ ಮಗಳೋ ಲೆಕ್ಕ ಬರೆಯುವವರು. ಫೀನಿಕ್ಸಿನ ಎಷ್ಟೋ ಮನೆಗಳಲ್ಲಿ ಯಂತ್ರವಿರುವುದು ಮಾಡಿನ ಮೇಲೆ, ನೆತ್ತಿಯ ಬಿಸಿಲಿಗೆ. ಇನ್ನು ಕೆಲವೆಡೆ ಅಟ್ಟದಲ್ಲಿ. ಮುಚ್ಚಿದ ಅಟ್ಟದೊಳಗಿನ ಕಾವು ೬೦ ಡಿಗ್ರಿ ದಾಟುವುದುಂಟು. ಅಲ್ಲಿ ಬಗ್ಗಿ ಕುಳಿತು, ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಟಾರ್ಚು ಹಿಡಿದವನ ಜೇಬಿನಲ್ಲಿ ದೂರವಾಣಿ ಬಾರಿಸುತ್ತದೆ. ಅವನು ಎತ್ತಿದರೆ ಕೈಲಿದ್ದ ಕೆಲಸ ಕೆಡುತ್ತದೆ. ಎತ್ತದಿದ್ದರೆ ಬರುವ ಕೆಲಸ ಹೋಗುತ್ತದೆ. ಅದರಾಚೆ, ಆ ಕರೆ ಮಾಡಿದವರ ಮನೆಯಲ್ಲಿ ಏನಾಗುತ್ತಿದೆಯೋ ಯಾರಿಗೆ ಗೊತ್ತು? ಈ ಇಕ್ಕಟ್ಟಿನ ಮಧ್ಯೆ ಹುಟ್ಟಿಕೊಂಡದ್ದು ದೂರವಾಣಿ ಉತ್ತರ ಸೇವೆ. ಗುತ್ತಿಗೆದಾರನ ಹೆಸರಿನಲ್ಲಿ, ಅವನ ಪರವಾಗಿ, ಬೇರೊಂದು ಊರಿನಲ್ಲಿ ಕುಳಿತ ಬೇರೊಬ್ಬರು ಕರೆಯನ್ನು ಎತ್ತಿಕೊಳ್ಳುವ ವ್ಯವಸ್ಥೆ ಅದು.

ಈ ವ್ಯವಸ್ಥೆ ಇಂದು ನಿನ್ನೆಯದಲ್ಲ. ದೂರವಾಣಿಯ ಆರಂಭದಲ್ಲಿ ಕರೆಗಳನ್ನು ಜೋಡಿಸಲು ಹುಡುಗರನ್ನು ನೇಮಿಸಿಕೊಂಡಿದ್ದರು. ಅವರ ಉಡಾಫೆಯ ಮಾತಿಗೆ ಗ್ರಾಹಕರು ಬೇಸತ್ತರು. ೧೮೭೮ರ ಸೆಪ್ಟೆಂಬರ್ ೧ರಂದು ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿ ಜಗತ್ತಿನ ಮೊದಲ ಮಹಿಳಾ ಆಪರೇಟರ್ ಆದಳು. ಅಂದಿನಿಂದ ತಂತಿಯ ಆ ತುದಿಯಲ್ಲಿ ಹೆಣ್ಣುದನಿಯೇ ರೂಢಿಯಾಯಿತು. ಇನ್ನೊಂದು ಕತೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬುವನು ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದ. ತನಗೆ ಬರಬೇಕಾದ ಕರೆಗಳನ್ನು ವಿನಿಮಯ ಕೇಂದ್ರದ ಆಪರೇಟರಳು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿ ಅವನ ತಲೆ ಹೊಕ್ಕಿತೆಂದು ಹೇಳುತ್ತಾರೆ. ಗುಮಾನಿ ನಿಜವೋ ಸುಳ್ಳೋ, ಅದರ ಫಲ ಮಾತ್ರ ನಿಜ. ಆಪರೇಟರಳ ಹಂಗೇ ಇಲ್ಲದೆ ತಾನೇ ಕರೆ ಜೋಡಿಸುವ ಯಂತ್ರಕ್ಕೆ ೧೮೯೧ರಲ್ಲಿ ಅವನು ಪೇಟೆಂಟ್ ಪಡೆದ. ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಪಟ್ಟಣದಲ್ಲಿ ಅಂಥ ಮೊದಲ ವಿನಿಮಯ ಕೇಂದ್ರ ತೆರೆಯಿತು. ಕೈತಪ್ಪಿದ ಕರೆಯೊಂದು ನೇರವಾಗಿ ಎದುರಾಳಿಯ ಅಂಗಡಿಗೆ ಹೋಗುತ್ತದೆಂಬ ಆ ಹೆಣದ ವ್ಯಾಪಾರಿಯ ಭಯವೇ ಇಂದಿಗೂ ಎ.ಸಿ. ಗುತ್ತಿಗೆದಾರನ ನಿದ್ದೆ ಕೆಡಿಸುತ್ತಿರುವುದು. ವಿಚಿತ್ರವೆಂದರೆ, ಆಪರೇಟರಳನ್ನು ದೂರವಿಡಲು ಸ್ಟ್ರೌಜರ್ ಯಂತ್ರ ಕಟ್ಟಿದ. ಇವರು ಅದೇ ಭಯಕ್ಕಾಗಿ ಆಪರೇಟರಳನ್ನು ಹುಡುಕಿಕೊಂಡು ಹೋಗುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ವೈದ್ಯರು ಈ ಸೇವೆಯನ್ನು ಬಹುವಾಗಿ ಬಳಸಿದರು. ವೈದ್ಯ ಊಟಕ್ಕೆ ಹೋದರೂ, ನಾಟಕಕ್ಕೆ ಹೋದರೂ ರೋಗಿಯ ಕರೆಗೆ ಉತ್ತರ ಸಿಗಬೇಕಲ್ಲ! ಆಮೇಲೆ ನಟರು, ವಕೀಲರು, ನಲ್ಲಿ ರಿಪೇರಿಯವರು. ಒಂದೊಂದು ಬೋರ್ಡಿನ ಮುಂದೆ ಕುಳಿತ ಹೆಂಗಸರಿಗೆ ನೂರಾರು ಮನೆಗಳ ಗುಟ್ಟು ತಿಳಿಯುತ್ತಿತ್ತು. ಅಂಥ ಒಬ್ಬಾಕೆ ತನ್ನ ಗ್ರಾಹಕರ ಬದುಕಿನಲ್ಲಿ ತಲೆಹಾಕುವ ಕತೆಯೇ ೧೯೫೬ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ‘ಬೆಲ್ಸ್ ಆರ್ ರಿಂಗಿಂಗ್’ ಎಂಬ ಸಂಗೀತ ನಾಟಕ. ೧೯೬೦ರಲ್ಲಿ ಅದು ಚಲನಚಿತ್ರವೂ ಆಯಿತು. ಬಳಿಕ ಸಂದೇಶವನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುವ ಯಂತ್ರಗಳು ಅಗ್ಗವಾದವು. ಉತ್ತರ ಸೇವೆಗಳ ಕಾಲ ಮುಗಿಯಿತೆಂದು ಎಲ್ಲರೂ ಎಣಿಸಿದರು. ಹಾಗಾಗಲಿಲ್ಲ. ಕಾರಣ ಸರಳವಾಗಿದೆ: ಸೆಕೆಯಲ್ಲಿ ಬೇಯುತ್ತಿರುವವನು ಯಂತ್ರದೊಡನೆ ಮಾತಾಡಲು ಕಾಯುವುದಿಲ್ಲ. ‘ಶಬ್ದ ಕೇಳಿದ ಮೇಲೆ ನಿಮ್ಮ ಸಂದೇಶ ತಿಳಿಸಿ’ ಎಂಬ ಮಾತು ಮುಗಿಯುವ ಮೊದಲೇ ಅವನು ಕರೆ ಕತ್ತರಿಸಿ ಪಟ್ಟಿಯ ಮುಂದಿನ ಹೆಸರಿಗೆ ಕರೆ ಮಾಡುತ್ತಾನೆ.

ಈಗಿನ ಏರ್ಪಾಟು ಹೀಗಿದೆ. ಗುತ್ತಿಗೆದಾರನ ದೂರವಾಣಿಯನ್ನು ನಾಲ್ಕೈದು ಗಂಟೆ ಬಾರಿಸುವಷ್ಟರಲ್ಲಿ ಎತ್ತದಿದ್ದರೆ, ಇಲ್ಲವೆ ಅದರಲ್ಲಿ ಮಾತು ನಡೆಯುತ್ತಿದ್ದರೆ, ಕರೆ ತಾನಾಗಿ ಉತ್ತರ ಸೇವೆಗೆ ತಿರುಗುತ್ತದೆ. ಒಬ್ಬೊಬ್ಬ ಗುತ್ತಿಗೆದಾರನಿಗೂ ಅಲ್ಲಿ ಪ್ರತ್ಯೇಕ ಸಂಖ್ಯೆ ಇರುವುದರಿಂದ, ಕರೆ ಯಾರಿಗಾಗಿ ಬಂದದ್ದೆಂಬುದು ಆಪರೇಟರಳ ಎದುರಿನ ಪರದೆಯ ಮೇಲೆ ಕೂಡಲೇ ಮೂಡುತ್ತದೆ. ಅದರ ಜೊತೆಗೆ ಆ ಗುತ್ತಿಗೆದಾರನು ಬರೆಸಿಕೊಟ್ಟ ಪ್ರಶ್ನಾವಳಿಯೂ ಬರುತ್ತದೆ. ಆಕೆ ಅವನ ಹೆಸರು ಹೇಳಿ ವಂದಿಸುತ್ತಾಳೆ. ಕರೆ ಮಾಡಿದವರಿಗೆ ತಾವು ಅಂಗಡಿಯ ಹುಡುಗಿಯೊಡನೆಯೇ ಮಾತಾಡುತ್ತಿದ್ದೇವೆ ಎನಿಸುತ್ತದೆ. ಮರುಗಳಿಗೆಯಲ್ಲಿ ಅದೇ ಹೆಂಗಸು ಒಬ್ಬ ಹೂವಾಡಿಗನ ಅಂಗಡಿಯವಳು, ಅದರ ಮರುಗಳಿಗೆಯಲ್ಲಿ ಒಬ್ಬ ದಂತವೈದ್ಯನ ಸಹಾಯಕಿ. ಒಂದೇ ರಾತ್ರಿಯಲ್ಲಿ ಹತ್ತಾರು ವೇಷ ಕಟ್ಟುವ ನಮ್ಮ ಬಯಲಾಟದವರಿಗೂ ಬಣ್ಣ ಬದಲಿಸಲು ಚೌಕಿಯ ಬಿಡುವಿರುತ್ತದೆ. ಇವಳಿಗೆ ಅದೂ ಇಲ್ಲ.

ಆ ಪ್ರಶ್ನಾವಳಿ ಈ ಕಸುಬಿನ ಜೀವಾಳ. ಹೆಸರು, ವಿಳಾಸ, ಸಂಖ್ಯೆ ಬರೆದುಕೊಂಡು ‘ಹೇಳುತ್ತೇವೆ’ ಎಂದಷ್ಟೇ ಹೇಳುವುದಾದರೆ ಅದಕ್ಕೆ ಮನುಷ್ಯ ಬೇಕಾಗಿಲ್ಲ. ಮರುಭೂಮಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಮನೆಯಲ್ಲಿ ಯಾರು ಯಾರಿದ್ದೀರಿ? ಎಳೆಗೂಸು, ವಯಸ್ಸಾದವರು, ಕಾಯಿಲೆಯವರು ಇದ್ದಾರೆಯೇ? ಆಮ್ಲಜನಕದ ಯಂತ್ರದ ಮೇಲೆ ಇರುವವರು ಯಾರಾದರೂ? ಗೋಡೆಯ ಮೇಲಿನ ಥರ್ಮೋಸ್ಟಾಟ್ ಈಗ ಎಷ್ಟು ತೋರಿಸುತ್ತಿದೆ? ಈ ಕೊನೆಯ ಪ್ರಶ್ನೆಯನ್ನು ನಾನು ಬಹಳ ಮೆಚ್ಚುತ್ತೇನೆ. ‘ತುಂಬಾ ಸೆಕೆ’ ಎಂಬ ಮಾತಿಗೆ ಅಳತೆಯಿಲ್ಲ; ಯುವಕನೊಬ್ಬ ೨೯ ಡಿಗ್ರಿಗೂ ಹಾಗೆನ್ನಬಹುದು. ಅಂಕಿಗೆ ಅಂಥ ಚಂಚಲತೆ ಇಲ್ಲ. ಈ ಒಂದು ಮಾತುಕತೆಯನ್ನು ಊಹಿಸಿಕೊಳ್ಳಿ. ಇಂಥವು ಬೇಸಿಗೆಯ ಯಾವ ರಾತ್ರಿಯಲ್ಲೂ ನಡೆಯಬಹುದಾದವು.

‘ನಮ್ಮ ಎ.ಸಿ. ನಿಂತುಹೋಗಿದೆಯಮ್ಮ. ಅವಸರವೇನಿಲ್ಲ, ನಾಳೆ ಬಂದರೂ ಆದೀತು.’

‘ಆಗಲಿ. ಥರ್ಮೋಸ್ಟಾಟ್‌ನಲ್ಲಿ ಎಷ್ಟಿದೆ ನೋಡಿ ಹೇಳುತ್ತೀರಾ?’

‘ತಾಳಿ, ಕನ್ನಡಕ ಹಾಕಿಕೊಳ್ಳುತ್ತೇನೆ... ತೊಂಬತ್ತೇಳು.’

‘ಮನೆಯಲ್ಲಿ ನಿಮ್ಮ ಜೊತೆ ಇನ್ನು ಯಾರಿದ್ದಾರೆ?’

‘ಯಾರೂ ಇಲ್ಲ. ನನಗೇನೂ ಅಂಥ ಸೆಕೆ ಅನ್ನಿಸುತ್ತಿಲ್ಲ.’

ಅಲ್ಲಿ ಬಳಕೆಯಲ್ಲಿರುವ ಫ್ಯಾರನ್‌ಹೀಟ್ ಲೆಕ್ಕದ ೯೭ ನಮ್ಮ ೩೬ ಡಿಗ್ರಿ. ಮುದುಕಿಯ ‘ಅವಸರವೇನಿಲ್ಲ’ ಎಂಬುದು ಸಂಕೋಚದ ಮಾತು. ‘ಸೆಕೆ ಅನ್ನಿಸುತ್ತಿಲ್ಲ’ ಎಂಬುದು ಅದಕ್ಕಿಂತ ಅಪಾಯದ್ದು. ವಯಸ್ಸಾದಂತೆ ದೇಹಕ್ಕೆ ಕಾವಿನ ಅರಿವೂ ಬಾಯಾರಿಕೆಯ ಅರಿವೂ ಮಂಕಾಗುತ್ತವೆಂದು ವೈದ್ಯರು ಹೇಳುತ್ತಾರೆ. ಪಳಗಿದ ಆಪರೇಟರ್ ಈ ಮಾತನ್ನು ನಂಬುವುದಿಲ್ಲ. ನಂಬಬಾರದೆಂದು ಅವಳಿಗೆ ಕಲಿಸಿರುತ್ತಾರೆ, ಅಥವಾ ಕಲಿಸಿರಬೇಕು. ಕರೆಯವರ ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತಿದ್ದರೆ ಮೆಕ್ಯಾನಿಕ್‌ನ ಮಾತು ಆಮೇಲೆ. ತುರ್ತು ಸಂಖ್ಯೆ ೯೧೧ಕ್ಕೆ ಮೊದಲು ತಿಳಿಸಬೇಕು. ಅಷ್ಟು ವಿಷಮಿಸದಿದ್ದರೆ, ನೆರೆಮನೆಗೋ ತಂಪುಕೇಂದ್ರಕ್ಕೋ ಹೋಗಿ ಕೂರುವಂತೆ ಒಡಂಬಡಿಸಬೇಕು. ಗ್ರಂಥಾಲಯ, ಸಮುದಾಯ ಭವನ, ಚರ್ಚುಗಳಲ್ಲಿ ಬೇಸಿಗೆಗೆಂದೇ ಇಂಥ ಆಸರೆಗಳನ್ನು ತೆರೆದಿರುತ್ತಾರೆ. ೨೧೧ ಎಂಬ ಸಂಖ್ಯೆಗೆ ಕರೆ ಮಾಡಿದರೆ ಹತ್ತಿರದ ಆಸರೆ ಎಲ್ಲಿದೆಯೆಂದು ತಿಳಿಯುತ್ತದೆ. ಇದಾವುದೂ ಗುತ್ತಿಗೆದಾರನಿಗೆ ಕಾಸು ತರುವ ಮಾತಲ್ಲ. ಅವನ ಪ್ರಶ್ನಾವಳಿಯಲ್ಲಿ ಇದಕ್ಕೆ ಎರಡು ಸಾಲಿನ ಜಾಗ ಇದೆಯೋ ಇಲ್ಲವೋ ಎಂಬುದರಿಂದ ನಾನು ಅವನನ್ನು ಅಳೆಯುತ್ತೇನೆ.

ಆಪರೇಟರ್ ರಿಪೇರಿ ಬಲ್ಲವಳಲ್ಲ. ಆದರೂ ಯಂತ್ರದ ಸ್ವಭಾವ ಒಂದಿಷ್ಟು ತಿಳಿದಿದ್ದರೆ ಒಳಿತು. ವಿಪರೀತ ಕಾವಿಗೆ ಮೊದಲು ಬಲಿಯಾಗುವ ಭಾಗಗಳಲ್ಲಿ ಒಂದು ಕೆಪಾಸಿಟರ್, ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಡಬ್ಬಿ. ಅದು ಸತ್ತರೆ ಹೊರಗಿನ ಯಂತ್ರ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ‘ಶಬ್ದ ಬರುತ್ತಿದೆಯೇ, ಫ್ಯಾನು ತಿರುಗುತ್ತಿದೆಯೇ?’ ಎಂದು ಕೇಳಿ ಬರೆದುಕೊಂಡರೆ ಮೆಕ್ಯಾನಿಕ್ ಆ ಡಬ್ಬಿಯನ್ನು ವ್ಯಾನಿನಲ್ಲಿ ಇಟ್ಟುಕೊಂಡೇ ಹೊರಡುತ್ತಾನೆ. ಒಂದು ಸುತ್ತು ಓಡಾಟ ಉಳಿಯುತ್ತದೆ. ಗಾಳಿಯ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡಿದ್ದರೆ ಹೊರಗೆ ೪೫ ಡಿಗ್ರಿ ಇರುವಾಗಲೇ ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ! ಆಗ ಯಂತ್ರವನ್ನು ಆರಿಸಿ, ಗಡ್ಡೆ ಕರಗುವವರೆಗೆ ಬಿಡಬೇಕು. ಮೆಕ್ಯಾನಿಕ್ ಬರುವುದರೊಳಗೆ ಇದಾಗಿರದಿದ್ದರೆ ಅವನೂ ಬಂದು ಅದು ಕರಗುವುದನ್ನೇ ನೋಡುತ್ತ ಕೂರಬೇಕಾಗುತ್ತದೆ.

ಹಳೆಯ ಮನೆಗಳಲ್ಲೂ ಟ್ರೇಲರ್ ಮನೆಗಳಲ್ಲೂ ಇನ್ನೂ ಉಳಿದಿರುವ ನೀರಿನ ಕೂಲರ್‌ಗಳದು ಬೇರೆಯೇ ಪುರಾಣ. ಆಸ್ಪೆನ್ ಮರದ ಸೀಳುಗಳ ಚಾಪೆಯ ಮೇಲೆ ನೀರು ಇಳಿಸಿ ಅದರ ಮೂಲಕ ಗಾಳಿ ಎಳೆಯುವ ಯಂತ್ರ ಅದು. ನಮ್ಮವರು ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಲ್ಲ, ಅದೇ ಉಪಾಯ. ಗಾಳಿ ಒಣಗಿರುವಾಗ ಅದು ಸೊಗಸಾಗಿ ತಂಪೆರೆಯುತ್ತದೆ. ಜುಲೈ ಹೊತ್ತಿಗೆ ಅರಿಜೋನಾಕ್ಕೂ ಒಂದು ಸಣ್ಣ ಮುಂಗಾರು ಬರುತ್ತದೆ. ಗಾಳಿಯಲ್ಲಿ ತೇವ ಏರಿದೊಡನೆ ನೀರು ಆವಿಯಾಗುವುದು ಕುಗ್ಗಿ ಕೂಲರ್ ಬರಿಯ ಜಿಗುಟು ಗಾಳಿ ಊದತೊಡಗುತ್ತದೆ. ‘ಕೂಲರ್ ಕೆಟ್ಟಿದೆ’ ಎಂಬ ಕರೆಗಳು ಅಂದು ಸಾಲುಗಟ್ಟುತ್ತವೆ. ಕೆಟ್ಟಿರುವುದು ಕೂಲರ್ ಅಲ್ಲ, ಹವೆ. ಅದೇ ಮುಂಗಾರಿನ ಮುಂದಾಳಾಗಿ ಹಬೂಬ್ ಎಂಬ ಧೂಳಿನ ಗೋಡೆ ಎದ್ದು ಬರುತ್ತದೆ. ೨೦೧೧ರ ಜುಲೈ ೫ರಂದು ಫೀನಿಕ್ಸಿನ ಮೇಲೆ ಬಿದ್ದ ಹಬೂಬ್ ಇಡೀ ನಗರವನ್ನೇ ಮರೆಮಾಡಿತ್ತು. ಅಂಥ ಗಾಳಿ ಬೀಸಿ ಹೋದ ಮೇಲೆ ಹೊರಗಿನ ಯಂತ್ರಗಳ ರೆಕ್ಕೆಗಳೆಲ್ಲ ಮಣ್ಣು ಮೆತ್ತಿಕೊಂಡು ಉಸಿರುಗಟ್ಟುತ್ತವೆ.

ವಿಳಾಸದ ವಿಷಯವನ್ನೂ ಹೇಳಬೇಕು. ಫೀನಿಕ್ಸಿನಲ್ಲಿ ನಡುಬೀದಿಯಿಂದ ಪಶ್ಚಿಮಕ್ಕೆ ಇರುವ ಎಣಿಕೆಯ ರಸ್ತೆಗಳು ಅವೆನ್ಯೂಗಳು, ಪೂರ್ವಕ್ಕೆ ಇರುವವು ಸ್ಟ್ರೀಟ್‌ಗಳು. ೩೫ನೆಯ ಅವೆನ್ಯೂಗೂ ೩೫ನೆಯ ಸ್ಟ್ರೀಟಿಗೂ ನಡುವೆ ಹತ್ತು ಕಿಲೋಮೀಟರಿಗೂ ಮಿಗಿಲಾದ ದೂರ. ಬೆಂಗಳೂರಿನ ಬಡಾವಣೆಗಳಲ್ಲಿ ಮೇನ್ ಯಾವುದು, ಕ್ರಾಸ್ ಯಾವುದು ಎಂದು ಬೆವರಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ದೂರದ ಊರಿನಲ್ಲಿ ಕುಳಿತ ಆಪರೇಟರ್ ಆ ಒಂದು ಪದವನ್ನು ಕೇಳದೆ ಬಿಟ್ಟರೆ ನಡುರಾತ್ರಿಯಲ್ಲಿ ವ್ಯಾನು ಊರಿನ ಇನ್ನೊಂದು ಮಗ್ಗುಲಲ್ಲಿ ಮನೆ ಹುಡುಕುತ್ತಿರುತ್ತದೆ. ಗಡಿಯಾರದ್ದೂ ಒಂದು ತೊಡಕು. ಅಮೆರಿಕದ ಹೆಚ್ಚಿನ ರಾಜ್ಯಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅರಿಜೋನಾ ೧೯೬೮ರಿಂದ ಈ ಪದ್ಧತಿಯನ್ನು ಒಲ್ಲೆನೆಂದಿದೆ. ಸಂಜೆಗೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು? ಅದೇ ರಾಜ್ಯದ ಈಶಾನ್ಯಕ್ಕಿರುವ ನವಾಹೋ ಜನರ ನಾಡು ಮಾತ್ರ ಮುಂದಿಡುತ್ತದೆ. ‘ಎಂಟು ಗಂಟೆಗೆ ಬರುತ್ತಾರೆ’ ಎನ್ನುವ ಮೊದಲು ಯಾರ ಎಂಟು ಎಂದು ಆಪರೇಟರ್ ಯೋಚಿಸಬೇಕು. ಇನ್ನು ಭಾಷೆ. ಅಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಬಹಳ. ಗಾಬರಿಯಾದಾಗ ಮನುಷ್ಯನ ಬಾಯಿಗೆ ಬರುವುದು ತಾಯಿನುಡಿ. ಅದನ್ನು ಬಲ್ಲವರೊಬ್ಬರು ರಾತ್ರಿ ಪಾಳಿಯಲ್ಲಿ ಇಲ್ಲದಿದ್ದರೆ ಆ ಸೇವೆ ಅರ್ಧ ಊರಿಗೆ ಮೂಗಿಯಂತೆ. ನಮ್ಮ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ರಾತ್ರಿಯನ್ನು ಹಗಲು ಮಾಡಿಕೊಂಡು ದುಡಿದ ಸಾವಿರಾರು ಹುಡುಗ ಹುಡುಗಿಯರಿಗೆ ಈ ಕಷ್ಟಗಳ ಜಾಡು ಗೊತ್ತಿದೆ. ಫೀನಿಕ್ಸಿನಲ್ಲಿ ಮಧ್ಯಾಹ್ನ ಎರಡು ಗಂಟೆಯಾದಾಗ ಬೆಂಗಳೂರಿನಲ್ಲಿ ನಡುರಾತ್ರಿ ಕಳೆದು ಎರಡೂವರೆ.

ಈ ಸೇವೆಯ ಲೆಕ್ಕಾಚಾರದಲ್ಲಿ ಒಂದು ಸೂಕ್ಷ್ಮವಿದೆ. ಎಷ್ಟು ಕರೆಗಳಿಗೆ ಎಷ್ಟು ಮಂದಿ ಬೇಕು ಎಂಬ ಪ್ರಶ್ನೆಗೆ ಡೆನ್ಮಾರ್ಕಿನ ಎ. ಕೆ. ಅರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ದೂರವಾಣಿ ಕಂಪೆನಿಯಲ್ಲಿದ್ದುಕೊಂಡು ಉತ್ತರ ಹುಡುಕಿದ. ೧೯೦೯ರಲ್ಲಿ ಅವನ ಮೊದಲ ಪ್ರಬಂಧ ಬಂದಿತು. ೧೯೧೭ರಲ್ಲಿ ಪ್ರಸಿದ್ಧವಾದ ಅವನ ಸೂತ್ರಗಳು ಬಂದವು. ಕರೆ ಮಾಡುವವರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ತಮ್ಮ ತಮ್ಮ ಕಾರಣಕ್ಕೆ, ಬೇರೆ ಬೇರೆ ಹೊತ್ತಿನಲ್ಲಿ ಕರೆ ಮಾಡುತ್ತಾರೆ ಎಂಬುದು ಆ ಗಣಿತದ ಆಧಾರ. ಹಾಗಿರುವಾಗ ನೂರು ವ್ಯಾಪಾರಿಗಳ ಕರೆಗಳನ್ನು ಕೆಲವೇ ಮಂದಿ ನಿಭಾಯಿಸಬಹುದು, ಏಕೆಂದರೆ ನೂರು ಮಂದಿಯ ಗಂಟೆಯೂ ಒಟ್ಟಿಗೆ ಬಾರಿಸುವುದಿಲ್ಲ. ಉತ್ತರ ಸೇವೆ ಅಗ್ಗವಾಗಿ ದೊರೆಯುವುದರ ಗುಟ್ಟು ಇದೇ. ಆದರೆ ಮರುಭೂಮಿಯ ಬಿಸಿಲು ಈ ಗುಟ್ಟನ್ನು ಮುರಿಯುತ್ತದೆ. ವರ್ಷದ ಮೊದಲ ಉರಿಬಿಸಿಲಿನ ಮಧ್ಯಾಹ್ನ ಇಡೀ ಕಣಿವೆಯ ಯಂತ್ರಗಳು ಒಟ್ಟಿಗೆ ದಣಿಯುತ್ತವೆ. ಎಲ್ಲ ಗುತ್ತಿಗೆದಾರರ ಗಂಟೆಗಳೂ ಒಟ್ಟಿಗೆ ಬಾರಿಸುತ್ತವೆ. ಒಂದೇ ಲಗ್ನದ ದಿನ ಊರಿನ ಛತ್ರಗಳೆಲ್ಲ ತುಂಬಿ, ಅಡಿಗೆಯವರೂ ಓಲಗದವರೂ ಎಷ್ಟು ಹಣ ಕೊಟ್ಟರೂ ಸಿಗದಂತಾಗುವುದಿಲ್ಲವೇ, ಹಾಗೆ. ಆದುದರಿಂದ ‘ನಾವು ಎ.ಸಿ. ಕಸುಬಿನವರಿಗೇ ಮೀಸಲು’ ಎಂದು ಹೆಮ್ಮೆಪಡುವ ಸೇವೆ ಈ ಕಸುಬನ್ನು ಚೆನ್ನಾಗಿ ಬಲ್ಲದ್ದಾದರೂ, ಅದರ ಗಿರಾಕಿಗಳೆಲ್ಲ ಒಂದೇ ಮರುಭೂಮಿಯವರಾಗಿದ್ದರೆ, ಬೇಕಾದ ದಿನವೇ ಕೈಕೊಡುವ ಸಂಭವ ಹೆಚ್ಚು. ಹಿಮ ಬೀಳುವ ಸೀಮೆಯವರನ್ನೂ ವಕೀಲರನ್ನೂ ಹೂವಾಡಿಗರನ್ನೂ ಕಲಸಿಟ್ಟುಕೊಂಡ ಸೇವೆಗೆ ಅಂದು ತುಸು ಉಸಿರಾಡಲು ಎಡೆಯಿರುತ್ತದೆ. ಗುತ್ತಿಗೆದಾರ ಸೇವೆಯನ್ನು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಬಿಡುವಿನ ಚಳಿಗಾಲದಲ್ಲಿ. ಆಗ ಎಲ್ಲರೂ ಒಂದೇ ಗಂಟೆಗೆ ಎತ್ತಿಕೊಳ್ಳುತ್ತಾರೆ.

ಕರೆ ಎತ್ತಿಕೊಂಡ ಮಾತ್ರಕ್ಕೆ ಮನೆ ತಣ್ಣಗಾಗುವುದಿಲ್ಲ. ಇದನ್ನು ಮರೆಸುವಂತೆ ಮಾತಾಡುವುದೇ ಈ ಕಸುಬಿನ ದೊಡ್ಡ ಆಮಿಷ. ದನಿ ಮೃದುವಾಗಿದ್ದರೆ, ‘ಆದಷ್ಟು ಬೇಗ ಬರುತ್ತಾರೆ’ ಎಂದರೆ, ಕರೆಯವರು ಸಮಾಧಾನದಿಂದ ಕಾಯುತ್ತಾರೆ; ಬೇರೆ ಯಾರನ್ನೂ ಕೇಳುವುದಿಲ್ಲ, ನೆರೆಮನೆಗೂ ಹೋಗುವುದಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ಗೆಲುವು. ಬರುವವನು ನಾಳೆ ಸಂಜೆಯವರೆಗೆ ಬಾರದಿದ್ದರೆ ಆ ಸಮಾಧಾನವೇ ಉರುಳು. ಉತ್ತರವೇ ಸಿಗದಿದ್ದ ಪಕ್ಷದಲ್ಲಿ ಅವರು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಿದ್ದರಲ್ಲ! ಆದಕಾರಣ, ‘ಇಂದು ರಾತ್ರಿ ನಮ್ಮವರು ಯಾರೂ ಬರಲಾರರು’ ಎಂದು ಹೇಳುವ ಅಧಿಕಾರವನ್ನು ಆಪರೇಟರಳಿಗೆ ಕೊಟ್ಟಿರುವ ಗುತ್ತಿಗೆದಾರನೇ ನನ್ನ ಎಣಿಕೆಯಲ್ಲಿ ದೊಡ್ಡವನು. ಒಳ್ಳೆಯ ಕಡೆಗಳಲ್ಲಿ ಏಣಿಯಂಥ ಒಂದು ಕ್ರಮವಿರುತ್ತದೆ. ಪಾಳಿಯ ಮೆಕ್ಯಾನಿಕ್‌ಗೆ ಸುದ್ದಿ ಕಳಿಸುವುದು. ಹತ್ತು ಹದಿನೈದು ನಿಮಿಷದಲ್ಲಿ ಅವನು ಒಪ್ಪಿಗೆ ತಿಳಿಸದಿದ್ದರೆ ಎರಡನೆಯವನಿಗೆ. ಅವನೂ ಓಗೊಡದಿದ್ದರೆ ಒಡೆಯನನ್ನೇ ನಿದ್ದೆಯಿಂದ ಎಬ್ಬಿಸುವುದು. ಆಮೇಲೆ ಕರೆಯವರಿಗೆ ತಿರುಗಿ ಕರೆ ಮಾಡಿ ಇದ್ದದ್ದನ್ನು ಇದ್ದಂತೆ ತಿಳಿಸುವುದು. ಕಡೆಯ ಮೆಟ್ಟಿಲನ್ನು ಹಲವರು ಕಟ್ಟಿಯೇ ಇರುವುದಿಲ್ಲ.

ಸರದಿಯ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. ವರ್ಷಾವಧಿ ನಿರ್ವಹಣೆಯ ಹಣ ಕಟ್ಟಿದ ಗಿರಾಕಿಗಳಿಗೆ ಮೊದಲ ಸರದಿ ಎಂದು ಗುತ್ತಿಗೆದಾರರು ಮಾತು ಕೊಟ್ಟಿರುತ್ತಾರೆ. ಹಣ ಕಟ್ಟಿದವನ ಅತಿಥಿಗಳ ಕೋಣೆ ಸಾಕಷ್ಟು ತಂಪಾಗುತ್ತಿಲ್ಲ. ಹಣ ಕಟ್ಟದ ಅಪರಿಚಿತೆಯ ಮನೆಯಲ್ಲಿ ೩೮ ಡಿಗ್ರಿಯ ಕಾವಿನಲ್ಲಿ ತಿಂಗಳ ಕೂಸಿದೆ. ವ್ಯಾನು ಒಂದೇ. ಪ್ರಶ್ನಾವಳಿಯಲ್ಲಿ ಮೊದಲು ಬರುವ ಸಾಲು ‘ನೀವು ನಮ್ಮ ಸದಸ್ಯರೇ?’ ಎಂದೋ, ‘ಮನೆಯಲ್ಲಿ ಯಾರಿದ್ದಾರೆ?’ ಎಂದೋ? ಇದನ್ನು ರಾತ್ರಿ ಎರಡು ಗಂಟೆಗೆ, ಗಂಟೆಗೂಲಿಯ ಹೆಂಗಸೊಬ್ಬಳು ತನ್ನಷ್ಟಕ್ಕೆ ತೀರ್ಮಾನಿಸುವಂತೆ ಬಿಡುವುದು ನ್ಯಾಯವಲ್ಲ. ಸಾಮಾನ್ಯವಾಗಿ ಆಕೆಯ ಸಂಸ್ಥೆಗೆ ಹಣ ಸಲ್ಲುವುದು ಮಾತಿನ ನಿಮಿಷಗಳ ಲೆಕ್ಕದಲ್ಲಿ, ಇಲ್ಲವೆ ಕರೆಗಳ ಲೆಕ್ಕದಲ್ಲಿ. ನಿಮಿಷದ ಲೆಕ್ಕವಾದರೆ ಮಾತು ಮುಗಿಸೆಂದು ಗುತ್ತಿಗೆದಾರ ಅವಸರಿಸುತ್ತಾನೆ. ಕರೆಯ ಲೆಕ್ಕವಾದರೆ ಮುಂದಿನ ಕರೆ ಎತ್ತೆಂದು ಸಂಸ್ಥೆಯೇ ಅವಸರಿಸುತ್ತದೆ. ಕನ್ನಡಕ ಹುಡುಕಲು ಹೋದ ಮುದುಕಿಗಾಗಿ ಕಾಯುವ ಅರೆ ನಿಮಿಷ ಯಾರ ಲೆಕ್ಕಕ್ಕೂ ಒಗ್ಗುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಮನುಷ್ಯರಂತೆಯೇ ಮಾತಾಡುವ ಯಂತ್ರಗಳು ಈ ಕೆಲಸಕ್ಕೆ ಬಂದಿವೆ. ಅವುಗಳನ್ನು ಸುಮ್ಮನೆ ಹಳಿಯಲಾರೆ. ಉರಿಬಿಸಿಲಿನ ಆ ಮೊದಲ ಮಧ್ಯಾಹ್ನ ಇನ್ನೂರು ಕರೆ ಒಟ್ಟಿಗೆ ಬಂದರೂ ಇನ್ನೂರನ್ನೂ ಎತ್ತಿಕೊಳ್ಳುವ ಶಕ್ತಿ ಅವಕ್ಕಿದೆ; ಅರ್ಲಾಂಗನ ಸರದಿ ಅಲ್ಲಿಗೆ ಮಾಯ. ಸ್ಪ್ಯಾನಿಷ್ ಕೂಡ ಆಡುತ್ತವೆ, ಅವೆನ್ಯೂವೋ ಸ್ಟ್ರೀಟೋ ಎಂದು ಕೇಳಲು ಮರೆಯುವುದಿಲ್ಲ. ಆದರೆ ಸರದಿ ದೂರವಾಣಿಯಿಂದ ಮಾಯವಾದರೂ ವ್ಯಾನಿನ ಮುಂದೆ ಹಾಗೆಯೇ ಇರುತ್ತದೆ. ಇನ್ನೂರು ಮಂದಿಗೆ ಇನಿದನಿಯಲ್ಲಿ ಭರವಸೆ ಕೊಡುವುದು ಸುಲಭವಾದಷ್ಟೂ, ಮೂರು ವ್ಯಾನುಗಳ ಗುತ್ತಿಗೆದಾರ ತಾನು ಉಳಿಸಿಕೊಳ್ಳಲಾರದ ಮಾತನ್ನು ಇನ್ನೂರು ಸಲ ಕೊಟ್ಟಂತಾಗುತ್ತದೆ. ‘ನನಗೇನೂ ಸೆಕೆ ಅನ್ನಿಸುತ್ತಿಲ್ಲ’ ಎಂಬ ಮಾತನ್ನು ನಂಬಬಾರದೆಂದು ಯಂತ್ರಕ್ಕೂ ಯಾರಾದರೂ ಬರೆದುಕೊಡಲೇಬೇಕು. ಆ ಬರೆಯುವವನು ಹಳೆಯ ಪ್ರಶ್ನಾವಳಿಯನ್ನು ಬರೆದ ಗುತ್ತಿಗೆದಾರನೇ.

ಅಕ್ಟೋಬರ್ ಕಳೆದರೆ ಈ ಗದ್ದಲ ಅಡಗುತ್ತದೆ. ಆದರೆ ಮರುಭೂಮಿಯೆಂದರೆ ಬರೀ ಬಿಸಿಲೆಂದು ತಿಳಿದವರಿಗೆ ಅಲ್ಲಿ ಇನ್ನೊಂದು ಅಚ್ಚರಿ ಕಾದಿದೆ. ಒಣ ಗಾಳಿಗೆ ಕಾವನ್ನು ಹಿಡಿದಿಡುವ ಶಕ್ತಿ ಕಡಮೆ. ನೆರೆಯ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಂಥ ಎತ್ತರದ ಊರುಗಳಲ್ಲಿ ಚಳಿಗಾಲದ ಇರುಳು ನೀರು ಹೆಪ್ಪುಗಟ್ಟುತ್ತದೆ. ಅದೇ ಗುತ್ತಿಗೆದಾರರು, ಅದೇ ದೂರವಾಣಿಗಳು. ಪ್ರಶ್ನಾವಳಿ ಮಾತ್ರ ಬೇರೆ. ಆರೇಳು ತಿಂಗಳು ಸುಮ್ಮನಿದ್ದ ಅನಿಲದ ಕುಲುಮೆಯನ್ನು ಮೊದಲ ಚಳಿಯ ರಾತ್ರಿ ಹೊತ್ತಿಸಿದಾಗ ಅದರ ಮೇಲೆ ಕೂತ ಬೇಸಿಗೆಯ ಧೂಳು ಸುಟ್ಟು ಕಮಟು ಹೊಡೆಯುತ್ತದೆ. ‘ಮನೆಯಲ್ಲೇನೋ ವಾಸನೆ’ ಎಂಬ ಕರೆಗಳು ಅಂದು ಎಡೆಬಿಡದೆ ಬರುತ್ತವೆ. ಸುಟ್ಟ ಧೂಳಿನ ವಾಸನೆಯೋ ಕೊಳೆತ ಮೊಟ್ಟೆಯ ವಾಸನೆಯೋ ಎಂದು ಆಪರೇಟರ್ ಕೇಳುತ್ತಾಳೆ. ಮೊದಲನೆಯದಾದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ನೋಡಿ, ಹೋಗದಿದ್ದರೆ ತಿರುಗಿ ಕರೆ ಮಾಡಿ ಎನ್ನುತ್ತಾಳೆ. ಎರಡನೆಯದಾದರೆ ಹೆಸರು, ವಿಳಾಸ ಯಾವುದನ್ನೂ ಕೇಳುವುದಿಲ್ಲ. ದೀಪದ ಸ್ವಿಚ್ಚು ಮುಟ್ಟಬೇಡಿ, ಎಲ್ಲರನ್ನೂ ಕರೆದುಕೊಂಡು ಈಗಲೇ ಹೊರಗೆ ನಡೆಯಿರಿ, ಹೊರಗಿನಿಂದ ಅನಿಲದ ಕಂಪೆನಿಗೆ ಕರೆ ಮಾಡಿ ಎಂದು ಹೇಳಿ ತಾನೇ ಕರೆಯನ್ನು ಮುಗಿಸುತ್ತಾಳೆ.